ಕರೆದವರೇ ಕೊಡಲಿ ದಾರಿಖರ್ಚು

ಹೋದ ತಿಂಗಳು ಒಂದು ಸಂಜೆ ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದ. ನಾವು ಮೇಷ್ಟ್ರಾಗಿದ್ದಾಗ ನಮ್ಮ ತರಗತಿಯಲ್ಲಿ ಕೂತು ಓದಿದವನು. ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಹುಡುಗ ಪಿಯುಸಿ ಮುಗಿಸಿ ಮೂರು ವರ್ಷವಾಯಿತು. ಅಂದಿನಿಂದ ಕೆಲಸ ಹುಡುಕುತ್ತಲೇ ಇದ್ದಾನೆ. ಕರೆ ಬಂದ ದಿನ ಗೋದಾಮಿಗೆ ಹೋಗಿ ಚೀಲ ಎಣಿಸಿ ಬರುತ್ತಾನೆ. ಅವನು ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. ಬೆಂಗಳೂರಿನ ಒಂದು ಕಾರ್ಖಾನೆ ಉಗ್ರಾಣದ ಸಹಾಯಕನ ಕೆಲಸಕ್ಕೆ ಸಂದರ್ಶನಕ್ಕೆ ಕರೆದಿತ್ತು. ಶಿಫಾರಸು ಪತ್ರ ಕೇಳಲು ಬಂದಿದ್ದಾನೆಂದು ನಾವು ಎಣಿಸಿದೆವು.

"ಶಿಫಾರಸು ಬೇಡ ಮೇಷ್ಟ್ರೇ, ಸಾವಿರದ ಇನ್ನೂರು ರೂಪಾಯಿ ಕೈಗಡ ಬೇಕಾಗಿತ್ತು. ಹೋದ ಸಲ ಇಸಕೊಂಡಿದ್ದೇ ಇನ್ನೂ ತೀರಿಲ್ಲ. ಮತ್ತೆ ಅಪ್ಪನ್ನ ಕೇಳೋಕೆ ಮುಖ ಇಲ್ಲ" ಎಂದ.

ಸಂದರ್ಶನ ಮರುದಿನ ಬೆಳಿಗ್ಗೆಯೇ ಇತ್ತು. ನಮ್ಮ ಜೇಬಿನಲ್ಲಿ ಇದ್ದದ್ದು, ಪಕ್ಕದ ಚಹದ ಅಂಗಡಿಯವರು ಕೊಟ್ಟದ್ದು ಎಲ್ಲ ಸೇರಿಸಿದರೂ ಆರುನೂರು ದಾಟಲಿಲ್ಲ. ರಾತ್ರಿ ಬಸ್ಸು ಹೊರಟುಹೋಯಿತು. ಹುಡುಗ ಮರುದಿನ ಎಂದಿನಂತೆ ಗೋದಾಮಿಗೆ ಹೋದ. ಆ ಕೆಲಸ ಅವನಿಗೇ ಸಿಗುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಅವನು ಅದಕ್ಕೆ ತಕ್ಕವನೋ ಅಲ್ಲವೋ ಎಂಬುದನ್ನು ಕಾರ್ಖಾನೆಯವರು ನಿರ್ಣಯಿಸಲಿಲ್ಲ. ಬಸ್ಸಿನ ಟಿಕೆಟ್ಟು ನಿರ್ಣಯಿಸಿತು. ಈ ವಾರದ ನಮ್ಮ ಮಾತು ಇದರ ಮೇಲೆ.

ಮೊದಲು ಲೆಕ್ಕ ಮಾಡೋಣ. ಮೇಷ್ಟ್ರುಗಿರಿ ಬಿಟ್ಟರೂ ಕರಿಹಲಗೆಯ ಚಟ ಹೋಗಿಲ್ಲ. ನಮ್ಮ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಆ ಹುಡುಗ ಹಿಂದಿನ ಸಲ ಹೋಗಿ ಬಂದಾಗಿನ ಲೆಕ್ಕವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೇವೆ. ಕೆಂಪು ಬಸ್ಸಿನಲ್ಲಿ ಹೋಗಿ ಬರಲು ಏಳುನೂರರ ಆಸುಪಾಸು. ಮೆಜೆಸ್ಟಿಕ್‌ನಿಂದ ಕಾರ್ಖಾನೆಗೆ ಸಿಟಿ ಬಸ್ಸು, ದಾರಿ ತಪ್ಪಿದ್ದರಿಂದ ಕೊನೆಗೆ ಆಟೋ, ಒಟ್ಟು ನೂರೈವತ್ತು. ಎರಡು ಹೊತ್ತಿನ ಊಟ, ಬೆಳಗಿನ ತಿಂಡಿ, ಚಹ, ಇನ್ನೂರು. ಫೋಟೋ, ಜೆರಾಕ್ಸು, ಅಂಗಿಗೆ ಇಸ್ತ್ರಿ, ನೂರು. ವಸತಿಗೆ ಖರ್ಚಿಲ್ಲ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಬಸ್ ನಿಲ್ದಾಣದ ಶೌಚಾಲಯದಲ್ಲಿ ಮುಖ ತೊಳೆದು ಅಂಗಿ ಬದಲಿಸಿದ್ದಾನೆ. ಇಷ್ಟಕ್ಕೇ ಸಾವಿರದ ನೂರೈವತ್ತು ಆಯಿತು. ಇದರ ಮೇಲೆ ಎರಡು ದಿನದ ಕೂಲಿ ಹೋಯಿತು. ದಿನಕ್ಕೆ ಐನೂರರಂತೆ ಸಾವಿರ. ಒಟ್ಟು ಎರಡು ಸಾವಿರದ ನೂರೈವತ್ತು ರೂಪಾಯಿ. ಹತ್ತು ನಿಮಿಷದ ಸಂದರ್ಶನಕ್ಕೆ ನಾಲ್ಕು ದಿನಕ್ಕೂ ಮೀರಿದ ದುಡಿಮೆ. ಅಲ್ಲಿ ದೊರೆತ ಉತ್ತರ, "ತಿಳಿಸುತ್ತೇವೆ, ಹೋಗಿ ಬನ್ನಿ."

ಅದೇ ಕೆಲಸಕ್ಕೆ ಬೆಂಗಳೂರಿನಲ್ಲೇ ಮನೆಯಿರುವ ಇನ್ನೊಬ್ಬ ಹುಡುಗ ಬರುತ್ತಾನೆ. ಮನೆಯಲ್ಲಿ ಸ್ನಾನ, ಊಟ ಮುಗಿಸಿ, ಸಿಟಿ ಬಸ್ಸಿನಲ್ಲಿ ಬಂದು, ಮಧ್ಯಾಹ್ನಕ್ಕೆ ಮನೆ ಸೇರುತ್ತಾನೆ. ಅವನೂ ಬಡವನೇ ಇರಬಹುದು. ಅವನ ಮೇಲೆ ನಮಗೆ ಮುನಿಸಿಲ್ಲ. ಆದರೆ ಅವನು ಇಪ್ಪತ್ತು ಸಂದರ್ಶನಕ್ಕೆ ಹೋಗಬಲ್ಲ. ನಮ್ಮವನು ಎರಡಕ್ಕೆ ಹೋದ ಮೇಲೆ ಸಾಲಗಾರ. ಸಂವಿಧಾನದ 16ನೆಯ ಅನುಚ್ಛೇದ ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವೆಂದು ಹೇಳುತ್ತದೆ. 41ನೆಯ ಅನುಚ್ಛೇದ, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಕೆಲಸದ ಹಕ್ಕನ್ನೂ ನಿರುದ್ಯೋಗದ ಕಾಲದಲ್ಲಿ ಸಹಾಯವನ್ನೂ ಒದಗಿಸಬೇಕೆಂದು ನಿರ್ದೇಶಿಸುತ್ತದೆ. ಅವಕಾಶದ ಬಾಗಿಲು ತೆರೆದಿದೆ ಎಂದರೆ ಸಾಲದು; ಬಾಗಿಲ ತನಕ ಬರುವ ದಾರಿಗೆ ಸುಂಕ ಹಾಕಿದ್ದರೆ ಸಮಾನತೆ ಎಲ್ಲಿಯದು?

ಈ ದಾರಿಖರ್ಚನ್ನು ಯಾರು ಹೊರಬೇಕು? ನಮ್ಮ ಜನರ ನಡವಳಿಕೆಯಲ್ಲೇ ಇದಕ್ಕೆ ಉತ್ತರವಿದೆ. ಬೇರೆ ಊರಿನ ಬಡಗಿಯನ್ನು ಕರೆಸಿದರೆ ಬಸ್ ಚಾರ್ಜು ಕರೆಸಿದವನದು. ವರ್ತಕ ಮಿತ್ರರು ತಕ್ಕಡಿ ರಿಪೇರಿಗೆ ಆಳನ್ನು ಕರೆಸಿದರೂ ಹಾಗೆಯೇ. ಕೋರ್ಟು ಕಚೇರಿಯಲ್ಲಿಯೂ ಇದೇ ನ್ಯಾಯ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಒಬ್ಬ ಸಾಕ್ಷಿಗೆ ಸಮನ್ಸ್ ಕಳಿಸಬೇಕೆಂದು ಅರ್ಜಿ ಹಾಕಿದವನು, ಆ ಸಾಕ್ಷಿ ಬಂದು ಹೋಗುವ ಖರ್ಚನ್ನೂ ಒಂದು ದಿನದ ಹಾಜರಿಯ ಖರ್ಚನ್ನೂ ಮೊದಲೇ ಕೋರ್ಟಿಗೆ ಕಟ್ಟಬೇಕು. ನಮ್ಮ ಜನ ಇದನ್ನು ಸಾಕ್ಷಿಯ ಬತ್ತೆ ಎನ್ನುತ್ತಾರೆ. ಬ್ರಿಟಿಷರ ಕಾಲದ ಕಾನೂನಿಗೂ ಇಷ್ಟು ವಿವೇಕವಿತ್ತು: ಒಬ್ಬನ ಕೆಲಸಕ್ಕಾಗಿ ಇನ್ನೊಬ್ಬನನ್ನು ಕರೆಸಿದರೆ ಬಂದವನು ಕೈಯಿಂದ ಖರ್ಚು ಮಾಡಬಾರದು. ಸಾಕ್ಷಿಗೆ ಇರುವ ಈ ನ್ಯಾಯ ನಿರುದ್ಯೋಗಿಗೆ ಏಕಿಲ್ಲ? ಸಂದರ್ಶನಕ್ಕೆ ಹತ್ತು ಜನರನ್ನು ಕರೆದು ಒಬ್ಬನನ್ನು ಆರಿಸುವುದು ಧಣಿಯ ಅನುಕೂಲಕ್ಕೆ. ಆರಿಸುವ ಅನುಕೂಲ ಅವನದು, ಉಳಿದ ಒಂಬತ್ತು ಜನರ ಸಾಲ ಅವರವರ ಮನೆಯದು. ಇದು ಯಾವ ಲೆಕ್ಕ?

ಸರ್ಕಾರ ಈ ನ್ಯಾಯವನ್ನು ಒಪ್ಪಿಯೇ ಇಲ್ಲವೆಂದರೆ ತಪ್ಪಾಗುತ್ತದೆ. ಒಪ್ಪಿತ್ತು; ಆಮೇಲೆ ಕೈಬಿಟ್ಟಿತು. ರೈಲ್ವೆಯಲ್ಲಿ ನಿರುದ್ಯೋಗಿ ಯುವಕರಿಗೆಂದೇ ಒಂದು ರಿಯಾಯಿತಿ ಇತ್ತು. ಕೇಂದ್ರ ಇಲ್ಲವೆ ರಾಜ್ಯ ಸರ್ಕಾರದ ಕೆಲಸದ ಸಂದರ್ಶನಕ್ಕೆ ಹೋಗುವವರಿಗೆ ಎರಡನೆಯ ದರ್ಜೆಯಲ್ಲಿ ಪೂರ್ತಿ ಮಾಫಿ, ಸ್ಲೀಪರ್‌ನಲ್ಲಿ ಅರ್ಧ. ಸಾರ್ವಜನಿಕ ಉದ್ಯಮಗಳ ಸಂದರ್ಶನಕ್ಕೆ ಎರಡರಲ್ಲೂ ಅರ್ಧ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ಅಂಗವಿಕಲರು, ರೋಗಿಗಳು, ವಿದ್ಯಾರ್ಥಿಗಳು ಇವರ ಕೆಲವು ವರ್ಗಗಳನ್ನು ಬಿಟ್ಟು ಮಿಕ್ಕ ರಿಯಾಯಿತಿಗಳನ್ನೆಲ್ಲ ನಿಲ್ಲಿಸಿದರು. ಜನ ಅನಗತ್ಯವಾಗಿ ಓಡಾಡಬಾರದೆಂಬುದು ಆಗ ಕೊಟ್ಟ ಕಾರಣ. ಕೊರೊನಾ ಹೋಯಿತು. ರೈಲುಗಳು ತುಂಬಿ ಓಡತೊಡಗಿದವು. ರಿಯಾಯಿತಿ ಮಾತ್ರ ಮರಳಲಿಲ್ಲ. ಹಿರಿಯ ನಾಗರಿಕರ ರಿಯಾಯಿತಿಯ ಬಗ್ಗೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಪ್ರಶ್ನೆ ಎದ್ದಿತು; ಏಳಬೇಕಾದದ್ದೇ. ನಿರುದ್ಯೋಗಿಯ ಟಿಕೆಟ್ಟಿನ ಬಗ್ಗೆ ಅಷ್ಟು ಗಟ್ಟಿಯಾಗಿ ಕೇಳುವವರು ಕಾಣಲಿಲ್ಲ. ಅವನಿಗೆ ಸಂಘವಿಲ್ಲ. ಕೆಲಸವಿದ್ದವನಿಗೆ ಯೂನಿಯನ್ ಇದೆ, ಅಂಗಡಿಯಿದ್ದವನಿಗೆ ವರ್ತಕರ ಸಂಘವಿದೆ. ಕೆಲಸ ಹುಡುಕುವವನು ಒಬ್ಬಂಟಿ.

ಇನ್ನೊಂದು ಏರ್ಪಾಡು ಇಂದಿಗೂ ಇದೆ. ರೈಲ್ವೆ ನೇಮಕಾತಿ ಮಂಡಳಿಗಳ ಪರೀಕ್ಷೆಗೆ ಹೋಗುವ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಎರಡನೆಯ ದರ್ಜೆಯ ಉಚಿತ ಪ್ರಯಾಣದ ಪತ್ರ ದೊರೆಯುತ್ತದೆ. ಅನೇಕ ಸಾರ್ವಜನಿಕ ಉದ್ಯಮಗಳೂ ಈ ವರ್ಗದವರಿಗೆ ಸಂದರ್ಶನದ ಪ್ರಯಾಣ ವೆಚ್ಚವನ್ನು ಹಿಂದಿರುಗಿಸುತ್ತವೆ. ಇದನ್ನು ಕಂಡು ಹೊಟ್ಟೆಯುರಿ ಪಡುವವರಿದ್ದಾರೆ. ಅಂಥವರಿಗೆ ನಾವು ಹೇಳುವುದಿಷ್ಟೆ: ತಲೆತಲಾಂತರದಿಂದ ದೂರ ಇಟ್ಟವರನ್ನು ಹತ್ತಿರ ಕರೆಯಲು ದಾರಿಖರ್ಚು ಕೊಡುವುದು ಸರಿಯಾದ ಕ್ರಮ. ಆ ಸರಿಯಾದ ಕ್ರಮವನ್ನು ಹಮಾಲಿಯ ಮಗ, ನೇಕಾರನ ಮಗಳು, ಗೂಡಂಗಡಿಯವನ ಮಗ, ಎಲ್ಲ ಬಡವರಿಗೂ ಹಿಗ್ಗಿಸಿರೆಂದು ಕೇಳಬೇಕೇ ಹೊರತು ಇದ್ದವರಿಂದ ಕಸಿದುಕೊಳ್ಳಿರೆಂದು ಕೇಳಬಾರದು.

2016ರ ಜನವರಿ 1ರಿಂದ ಕೇಂದ್ರ ಸರ್ಕಾರ ತನ್ನ 'ಸಿ' ವರ್ಗದ ಮತ್ತು ಗೆಜೆಟೆಡ್ ಅಲ್ಲದ 'ಬಿ' ವರ್ಗದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಶಿಫಾರಸಿನ ಕಾಟ ತಪ್ಪಿಸಲು ಇದು ಒಳ್ಳೆಯದೇ. ಆದರೆ ಸಂದರ್ಶನ ಹೋದರೂ ಪ್ರಯಾಣ ಹೋಗಲಿಲ್ಲ. ಪರೀಕ್ಷೆಗೆ, ದಾಖಲೆ ತೋರಿಸುವುದಕ್ಕೆ, ದೇಹಪರೀಕ್ಷೆಗೆ ಬೇರೆ ಬೇರೆ ಊರು. 2018ರಲ್ಲಿ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆಗೆ ಅನೇಕರಿಗೆ ತಮ್ಮ ಊರಿನಿಂದ ಸಾವಿರ ಕಿಲೋಮೀಟರಿಗೂ ಮೀರಿದ ಕೇಂದ್ರಗಳನ್ನು ಕೊಟ್ಟದ್ದು ದೇಶದಲ್ಲೆಲ್ಲ ಕೂಗೆಬ್ಬಿಸಿತ್ತು. ಅರ್ಜಿಯ ಶುಲ್ಕ ಹೇಗೋ ಹೊಂದಿಸಿದವನು ಪ್ರಯಾಣದ ಖರ್ಚಿಗೆ ಅಂಜಿ ಮನೆಯಲ್ಲೇ ಉಳಿದರೆ, ದಾಖಲೆಯಲ್ಲಿ ಅವನು 'ಗೈರುಹಾಜರು'. ಏಕೆ ಗೈರುಹಾಜರೆಂದು ಬರೆಯುವ ಅಂಕಣ ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮ ರಾಜ್ಯದ ಮಾತಿಗೆ ಬರೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಹಣವಿಲ್ಲ. ಇದನ್ನು ಗೇಲಿ ಮಾಡಿದವರು ಬಹಳ. ಆದರೆ ಕೆಲಸ ಹುಡುಕುವ ಹೆಣ್ಣುಮಗಳ ದಾರಿಯ ಸುಂಕವನ್ನು ಒಂದೇ ಆಜ್ಞೆಯಲ್ಲಿ ತೆಗೆಯಬಹುದೆಂದು ಈ ಯೋಜನೆ ತೋರಿಸಿಕೊಟ್ಟಿತು. ಆದರೂ ಕೊರತೆ ಇದೆ. ಗೊತ್ತಿಲ್ಲದ ಊರಿಗೆ ರಾತ್ರಿ ಬಸ್ಸಿನಲ್ಲಿ ಮಗಳನ್ನು ಒಬ್ಬಳನ್ನೇ ಕಳಿಸಲು ಹಿಂಜರಿಯುವ ತಂದೆ ಜೊತೆಗೆ ಹೊರಡುತ್ತಾನೆ. ಅವನಿಗೆ ಪೂರ್ತಿ ಟಿಕೆಟ್ಟು. 2025ರ ಜನವರಿ 5ರಿಂದ ರಾಜ್ಯದ ಬಸ್ ದರ ನೂರಕ್ಕೆ ಹದಿನೈದರಷ್ಟು ಏರಿದ್ದು ಅವನ ಜೇಬಿಗೇ. ಕೆಲಸ ಹುಡುಕುವ ಗಂಡುಮಕ್ಕಳ ಪಾಡೂ ಅದೇ.

ಯುವನಿಧಿ ಇದೆಯಲ್ಲ ಎನ್ನುತ್ತಾರೆ. ಹೌದು, ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ವಿತರಣೆಗೆ ಚಾಲನೆ ಕೊಟ್ಟ ಆ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎಸ್‌ಎಸ್‌ಎಲ್‌ಸಿಗೆ, ಪಿಯುಸಿಗೆ ಓದು ನಿಲ್ಲಿಸಿದವನಿಗೆ ಅದರಲ್ಲಿ ಪಾಲಿಲ್ಲ. ಬಡತನದಿಂದ ಓದು ನಿಂತವನಿಗೆ ಬಡತನದ ಸಹಾಯವೂ ಇಲ್ಲ. ನಮ್ಮ ಕಚೇರಿಗೆ ಬಂದ ಹುಡುಗ ಇಂಥವನೇ. ಎರಡು ವರ್ಷ ಹಿಂದೆ ಗಿರಣಿ ಬಿಡಿಸಿದ ನಲವತ್ತರ ಕಾರ್ಮಿಕನೂ ಅವನ ಜೊತೆಗೇ ಹೊರಗೆ ನಿಂತಿದ್ದಾನೆ.

ಉದ್ಯೋಗ ವಿನಿಮಯ ಕಚೇರಿಯ ಕಥೆಯನ್ನೂ ನೋಡಿ. ಇಂಥ ಕಚೇರಿಗಳನ್ನು ಸರ್ಕಾರದ ಕೆಲಸವನ್ನಾಗಿ ಮಾಡಲು ಬ್ರಿಟನ್ 1909ರಲ್ಲಿ ಒಂದು ಕಾನೂನು ಮಾಡಿತು. ಕಚೇರಿಯ ಮೂಲಕ ದೂರದ ಊರಿನಲ್ಲಿ ಕೆಲಸ ದೊರೆತವನಿಗೆ ಅಲ್ಲಿಗೆ ಹೋಗಲು ಮುಂಗಡವಾಗಿ ಹಣ ಕೊಡುವ ಅವಕಾಶ ಆ ಕಾನೂನಿನಲ್ಲೇ ಇತ್ತು. ಇಂದು ಅಲ್ಲಿ ಕೆಲವು ತಿಂಗಳಿಂದ ಕೆಲಸ ಹುಡುಕುತ್ತಿರುವವನಿಗೆ ರೈಲಿನಲ್ಲಿ ಅರ್ಧ ಟಿಕೆಟ್ಟಿನ ಕಾರ್ಡು ಕೊಡುತ್ತಾರೆ. ಸಂದರ್ಶನದ ಪ್ರಯಾಣಕ್ಕೆ ಕಚೇರಿಯ ನಿಧಿಯಿಂದಲೂ ನೆರವು ಸಿಗಬಹುದು. ನಮ್ಮ ದೇಶದಲ್ಲಿ ಈ ಕಚೇರಿಗಳು 1945ರಲ್ಲಿ ಯುದ್ಧದಿಂದ ಮರಳಿದ ಸೈನಿಕರಿಗಾಗಿ ತೆರೆದವು, ಆಮೇಲೆ ಎಲ್ಲರಿಗೂ ಆದವು. 1959ರ ಕಾನೂನು ಖಾಲಿ ಜಾಗಗಳನ್ನು ಕಚೇರಿಗೆ ತಿಳಿಸಬೇಕೆಂದು ಧಣಿಗಳಿಗೆ ಹೇಳಿತು. ಅಲ್ಲಿಂದಲೇ ಆಳು ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಕಾನೂನನ್ನು ತನ್ನೊಳಗೆ ಸೇರಿಸಿಕೊಂಡು ಕಚೇರಿಗೆ 'ವೃತ್ತಿ ಕೇಂದ್ರ'ವೆಂಬ ಹೊಸ ಹೆಸರು ಕೊಟ್ಟಿತು. ಹೆಸರು ಬದಲಾಯಿತು, ಹುಡುಗನ ಬಸ್ ಚಾರ್ಜಿನ ಮಾತು ಮಾತ್ರ ಬರಲಿಲ್ಲ.

ಜರ್ಮನಿಯಲ್ಲಿ ಇನ್ನೂ ನೇರವಾದ ನ್ಯಾಯವಿದೆ. ಅಲ್ಲಿನ ಸಿವಿಲ್ ಸಂಹಿತೆಯ 670ನೆಯ ಕಲಮಿನ ಆಧಾರದ ಮೇಲೆ, ಸಂದರ್ಶನಕ್ಕೆ ಕರೆದ ಧಣಿಯೇ ಅಭ್ಯರ್ಥಿಯ ಪ್ರಯಾಣದ ಖರ್ಚು ಕೊಡಬೇಕು. ಕೊಡುವುದಿಲ್ಲವೆಂದಾದರೆ ಕರೆಯುವಾಗಲೇ ಸ್ಪಷ್ಟವಾಗಿ ಹೇಳಬೇಕು. ಧಣಿ ಕೊಡದಿದ್ದರೆ ನಿರುದ್ಯೋಗಿಯು ಮೊದಲೇ ಅರ್ಜಿ ಹಾಕಿ ಸರ್ಕಾರದ ಉದ್ಯೋಗ ಕಚೇರಿಯನ್ನು ಕೇಳಬಹುದು. ಅಲ್ಲಿ ಬಂಡವಾಳಶಾಹಿಯೇ ಆಳುತ್ತಿದೆ. ಆದರೂ ಇದರಿಂದ ಕಾರ್ಖಾನೆಗಳು ಮುಳುಗಿಲ್ಲ.

ನಮ್ಮ ಮಾತಿಗೆ ಆಕ್ಷೇಪಣೆಗಳು ಬರುತ್ತವೆ. ಈಗ ಮೊಬೈಲಿನಲ್ಲೇ ಸಂದರ್ಶನ ನಡೆಯುತ್ತದಲ್ಲ ಎನ್ನುತ್ತಾರೆ. ನಡೆಯಲಿ, ಮೊದಲ ಸುತ್ತು ಮೊಬೈಲಿನಲ್ಲೇ ಮುಗಿಸಿ, ನಿಜವಾಗಿ ಬೇಕಾದ ಇಬ್ಬರು ಮೂವರನ್ನು ಮಾತ್ರ ಕರೆಯಲಿ. ಕರೆದವರ ಖರ್ಚು ಕೊಡಬೇಕಾಗಿ ಬಂದರೆ ಧಣಿಗಳಿಗೆ ಆ ಬುದ್ಧಿ ತಾನಾಗಿ ಬರುತ್ತದೆ. ಸುಮ್ಮನೆ ಊರು ನೋಡಲು ಹೋಗುವವರೂ ಹಣ ಕೇಳುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಅದಕ್ಕೆ ಉಪಾಯ ರೈಲ್ವೆಯಲ್ಲೇ ಇದೆ. 2018ರಿಂದ ಅಲ್ಲಿ ಪರೀಕ್ಷೆಗೆ 500 ರೂಪಾಯಿ ಶುಲ್ಕ ಕಟ್ಟಿಸಿಕೊಂಡು, ಹಾಜರಾದವನಿಗೆ 400 ಹಿಂದಿರುಗಿಸುವ ಕ್ರಮ ಬಂತು. ಹಾಜರಿಯ ದಾಖಲೆಯಿಂದ ಶುಲ್ಕ ಹಿಂದಿರುಗಿಸಬಹುದಾದರೆ, ಅದೇ ದಾಖಲೆಯಿಂದ ಟಿಕೆಟ್ಟಿನ ಹಣ ಕೊಡಲು ಏನಡ್ಡಿ? ಬೊಕ್ಕಸಕ್ಕೆ ಹೊರೆ ಎಂಬುದು ಮೂರನೆಯದು. ಈ ಹೊರೆ ಈಗ ಇಲ್ಲವೆಂದಲ್ಲ. ಹಮಾಲಿಯ ಬೆನ್ನ ಮೇಲೆ ಇದೆ. ಅದನ್ನು ಹೊರಬಲ್ಲವರ ಬೆನ್ನಿಗೆ ಸರಿಸಿರೆಂದು ನಾವು ಕೇಳುತ್ತಿದ್ದೇವೆ.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು, ರೈಲ್ವೆಯಲ್ಲಿ ನಿಲ್ಲಿಸಿದ ಸಂದರ್ಶನದ ರಿಯಾಯಿತಿಯನ್ನು ಮರಳಿ ಕೊಡಬೇಕು. ಪರೀಕ್ಷೆಗೂ ಅದನ್ನು ವಿಸ್ತರಿಸಬೇಕು. ಎರಡು, ಸಂದರ್ಶನದ ಕರೆಪತ್ರ ತೋರಿಸಿದ ನಿರುದ್ಯೋಗಿಗೆ, ಗಂಡಾಗಲಿ ಹೆಣ್ಣಾಗಲಿ, ರಾಜ್ಯದ ಸರ್ಕಾರಿ ಬಸ್ಸಿನಲ್ಲಿ ಹೋಗಿ ಬರುವ ಉಚಿತ ಟಿಕೆಟ್ ಕೊಡಬೇಕು. ಹೆಣ್ಣುಮಗಳ ಜೊತೆ ಹೋಗುವ ಒಬ್ಬರಿಗೂ ಅದು ಸಿಗಬೇಕು. ಮೂರು, ಸರ್ಕಾರಿ ನೇಮಕಾತಿ ಸಂಸ್ಥೆಗಳು ದಾಖಲೆ ಪರಿಶೀಲನೆಯಂಥ ಕೆಲಸಗಳನ್ನು ಜಿಲ್ಲಾ ಕೇಂದ್ರದಲ್ಲೇ ಮುಗಿಸಬೇಕು. ನಾಲ್ಕು, ದೊಡ್ಡ ಕಾರ್ಖಾನೆ, ಕಂಪನಿಗಳು ಹೊರ ಊರಿನಿಂದ ಕರೆದವರ ದಾರಿಖರ್ಚನ್ನು ಸಂದರ್ಶನದ ದಿನವೇ ಕೈಗೆ ಕೊಡುವಂತೆ ಕಾನೂನು ಬರಬೇಕು. ಆರು ತಿಂಗಳ ಮೇಲೆ ಬ್ಯಾಂಕಿಗೆ ಬರುವ ಹಣದಿಂದ ಇಂದಿನ ಬಸ್ಸು ಹತ್ತಲಾಗದು. ನಾಲ್ಕು ಆಳು ಇಟ್ಟುಕೊಂಡ ನಮ್ಮ ಅಂಗಡಿಯವರ ಮೇಲೆ ಇದನ್ನು ಹೇರಿರೆಂದು ನಾವು ಹೇಳುತ್ತಿಲ್ಲ. ಅವರ ಮಕ್ಕಳೂ ಇದೇ ಬಸ್ಸಿಗೆ ಕಾಯುವವರೇ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮಕ್ಕಳಿಗೆ ಕರೆಪತ್ರ ಬಂದರೆ ಪೂರ್ತಿ ಓದಿಸಿ. ಪ್ರಯಾಣ ವೆಚ್ಚದ ಮಾತು ಅನೇಕ ವೇಳೆ ಕೊನೆಯ ಸಾಲುಗಳಲ್ಲಿ ಅಡಗಿರುತ್ತದೆ. ಪರಿಶಿಷ್ಟ ವರ್ಗದವರು ಜಾತಿ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಸೇರಿಸಲಿ, ಹೋಗಿ ಬಂದ ಟಿಕೆಟ್ಟುಗಳನ್ನು ಜೋಪಾನ ಮಾಡಲಿ. ಪತ್ರದಲ್ಲಿ ಏನೂ ಬರೆದಿಲ್ಲದಿದ್ದರೆ ಖರ್ಚು ಕೊಡುತ್ತೀರಾ, ಇಲ್ಲವೇ ಮೊದಲ ಸುತ್ತನ್ನು ಫೋನಿನಲ್ಲಿ ಮಾಡುತ್ತೀರಾ ಎಂದು ಬರೆದು ಕೇಳಲಿ. ಕೇಳುವುದರಲ್ಲಿ ಅವಮಾನವಿಲ್ಲ. ಸಂದರ್ಶನಕ್ಕೆ ಮುಂಚೆಯೇ ಠೇವಣಿ, ಸಮವಸ್ತ್ರ, ತರಬೇತಿ ಎಂದು ಹಣ ಕೇಳುವವರ ಹತ್ತಿರ ಮಾತ್ರ ಸುಳಿಯಬೇಡಿ. ನಿಜವಾಗಿ ಕೆಲಸ ಕೊಡುವವನು ಕೆಲಸ ಕೇಳಲು ಬಂದವನಿಂದ ಹಣ ಕೇಳುವುದಿಲ್ಲ.

ಆ ಹುಡುಗ ಬಂದುಹೋದ ಮೇಲೆ ನಮ್ಮ ಕಚೇರಿಯಲ್ಲಿ ಎರಡು ಕೆಲಸ ಆರಂಭಿಸಿದ್ದೇವೆ. ಒಂದು ಡಬ್ಬಿ ಇಟ್ಟಿದ್ದೇವೆ. ಗಿರಣಿಯ ಬಂಧುಗಳು ಸಂಬಳದ ದಿನ ಹತ್ತು ರೂಪಾಯಿ, ವರ್ತಕ ಮಿತ್ರರು ಸಂತೆಯ ದಿನ ಕೈಲಾದಷ್ಟು ಹಾಕಲಿ. ಕರೆಪತ್ರ ತಂದವರಿಗೆ, ಯಾವ ಜಾತಿ, ಯಾವ ಪಕ್ಷ ಎಂದು ಕೇಳದೆ ಅದರಿಂದ ಬಸ್ ಚಾರ್ಜು ಕೊಡುತ್ತೇವೆ. ಕೆಲಸ ಸಿಕ್ಕ ಮೇಲೆ ಹಿಂದಿರುಗಿಸಿದರೆ ಇನ್ನೊಬ್ಬನಿಗೆ ಆಯಿತು, ಸಿಗದಿದ್ದರೆ ಸಾಲವಿಲ್ಲ. ಎರಡನೆಯದಾಗಿ ಒಂದು ಲೆಕ್ಕದ ಪುಸ್ತಕ ತೆರೆದಿದ್ದೇವೆ. ಸಂದರ್ಶನಕ್ಕೆ, ಪರೀಕ್ಷೆಗೆ ಹೋಗಿ ಬಂದವರು, ಹೋಗಲಾಗದೆ ಉಳಿದವರು, ತಮ್ಮ ಖರ್ಚನ್ನು ಅದರಲ್ಲಿ ಬರೆಯಿಸಲಿ. ಆ ಪುಸ್ತಕವನ್ನು ಜಿಲ್ಲಾಧಿಕಾರಿಗಳ ಮುಂದೆಯೂ, ನಮ್ಮ ಲೋಕಸಭಾ ಸದಸ್ಯರ ಮುಂದೆಯೂ ಇಡುತ್ತೇವೆ. ಡಬ್ಬಿಯಿಂದ ಹತ್ತು ಮಂದಿಗೆ ಟಿಕೆಟ್ ಸಿಗಬಹುದು, ಅಷ್ಟೆ. ಜಿಲ್ಲೆಯ ಎಲ್ಲ ನಿರುದ್ಯೋಗಿಗಳಿಗೂ ಸಿಗಬೇಕಾದರೆ ಪುಸ್ತಕ ತುಂಬಬೇಕು, ಅದರ ಹಿಂದೆ ಜನ ನಿಲ್ಲಬೇಕು.

ಮೊದಲ ಪುಟದಲ್ಲಿ ಆ ಹುಡುಗನ ಲೆಕ್ಕವಿದೆ: ಒಂದು ಸಲ ಹೋಗಿ ಬಂದದ್ದಕ್ಕೆ 2,150 ರೂಪಾಯಿ. ಅದರ ಕೆಳಗೆ ಅವನೇ ಬರೆದಿದ್ದಾನೆ: "ಎರಡನೇ ಸಲ, ಹೋಗಲಿಲ್ಲ." ಮುಂದಿನ ಪುಟಗಳು ಖಾಲಿ ಇವೆ. ಬಂದು ಬರೆಯಿಸಿ.